ಪಾರ್ಸೆಲ್ಲಿನ ಮೂಲೆಯಲ್ಲಿ ನಾನು ಹುಡುಕುವುದು

ಓದುವ ಎಲ್ಲರಿಗೂ ನಮಸ್ಕಾರ. ಶುರುವಿನಲ್ಲೇ ಒಂದು ತಪ್ಪೊಪ್ಪಿಗೆ. ಇದನ್ನು ನಾನೇ, ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದೇನೆ. ಒಂದು ಒತ್ತಕ್ಷರ ಹುಡುಕಿ ಕೂರಿಸುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತು ಎದ್ದು ಹೋಗಿರುತ್ತದೆ. ಮಾತನ್ನು ಕರೆತಂದರೆ ಒತ್ತಕ್ಷರ ಜಾರಿರುತ್ತದೆ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಿ. ಅಕ್ಷರ ನನ್ನ ಕೈಗೆ ಬಂದದ್ದೇ ತಡವಾಗಿ, ಹಾಗಾಗಿ ಅದಕ್ಕೂ ನನಗೂ ಅಷ್ಟು ಸಲಿಗೆ ಇಲ್ಲ.

ನನಗೊಂದು ಅಭ್ಯಾಸ ಇದೆ. ಮನೆಗೆ ಯಾವುದೇ ಪಾರ್ಸೆಲ್ ಬರಲಿ, ಎಲ್ಲರೂ ಒಳಗಿನ ಸಾಮಾನು ನೋಡಿದರೆ ನಾನು ಖಾಲಿ ಡಬ್ಬ ತೆಗೆದುಕೊಂಡು ಅದರ ನಾಲ್ಕು ಮೂಲೆಗೂ ಬೆರಳು ಹಾಕಿ ತಡವುತ್ತೇನೆ. ಮೊನ್ನೆ ಸೊಸೆ ಒಂದು ಮಿಕ್ಸಿ ತರಿಸಿದ್ದಳು. ಡಬ್ಬದ ಮೇಲೆ ಯಾವುದೋ ದೇಶದ ಹೆಸರಿತ್ತು. ನಾನು ಕನ್ನಡಕ ಹಾಕಿಕೊಂಡು ಡಬ್ಬದೊಳಗೆ ತಲೆ ಇಟ್ಟಿದ್ದೆ.

"ಮಾವ, ಬಿಲ್ಲು ನನ್ನ ಹತ್ರ ಇದೆ," ಅಂದಳು ಸೊಸೆ.

"ಬಿಲ್ಲು ಅಲ್ಲಮ್ಮ."

"ಅವರು ಹುಡುಕೋದು ಬೇರೆ ಕಣೇ, ಬಿಡು," ಅಂದಳು ನನ್ನ ಹೆಂಡತಿ. ಅವಳಿಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಅವಳ ತವರಿನಿಂದ ಬಂದ ಚಕ್ಕುಲಿ ಡಬ್ಬವನ್ನೂ ಹೀಗೇ ತಡವಿ, ಅವರಪ್ಪನ ಹತ್ತಿರ ಅನುಮಾನದ ಮನುಷ್ಯ ಎಂದು ಹೆಸರು ಪಡೆದವನು ನಾನು.

ನಿಮಗೆ ಹೇಳಬೇಕಾದರೆ ಅರವತ್ತರ ದಶಕದ ಶಿಡ್ಲಘಟ್ಟಕ್ಕೆ ಹೋಗಬೇಕು. ಹೋಗುವುದು ಕಷ್ಟವಲ್ಲ, ಕಣ್ಣು ಮುಚ್ಚಿ ಮೂಗು ತೆರೆದರೆ ಸಾಕು. ರೇಷ್ಮೆಗೂಡು ಕುದಿಯುವ ವಾಸನೆ ಅಂಥದ್ದು. ಚಿಂತಾಮಣಿ ಕಡೆಯಿಂದ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಬರುವವರನ್ನು ಕಂಡಕ್ಟರ್ ಎಬ್ಬಿಸಬೇಕಾಗಿರಲಿಲ್ಲ, ಊರೇ ಎಬ್ಬಿಸುತ್ತಿತ್ತು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೋ, ಎಂದಾದರೂ ಒಂದು ದಿನ ಆ ವಾಸನೆ ಬರದಿದ್ದರೆ ಹಬ್ಬವೋ ಸಾವೋ ಎಂದು ವಿಚಾರಿಸುವ ಹಾಗಾಗುತ್ತಿತ್ತು.

ನಮ್ಮದು ಮಂಚೇನಹಳ್ಳಿ ಹತ್ತಿರದ ಹಳ್ಳಿ. ಎಂಟು ವರ್ಷದವನಾಗಿದ್ದಾಗ ನನ್ನನ್ನು ಶಿಡ್ಲಘಟ್ಟದ ಅತ್ತೆ, ಅಂದರೆ ಅಪ್ಪನ ಅಕ್ಕ ಲಕ್ಷ್ಮಮ್ಮನ ಮನೆಗೆ ಕಳಿಸಿದರು. ಅತ್ತೆ ಒಲೆಯ ಮುಂದೆ ಕೂತು ಕುದಿಯುವ ನೀರಿನಿಂದ ಗೂಡಿನ ಎಳೆ ಹಿಡಿದು ಕೊಡುವುದು, ನಂಜಪ್ಪ ಮಾವ ಚರಕ ತಿರುಗಿಸಿ ಅದನ್ನು ನೂಲಾಗಿ ಸುತ್ತುವುದು. ಮಾವನ ಕೈಗೆ ನೋವು ಬಂದಾಗ ನಾನು ತಿರುಗಿಸುವುದು. ಮಾವನ ಕೈ ಬಹಳ ಸಲ ನೋಯುತ್ತಿತ್ತು. ಹೀಗಾಗಿ ಒಂದನೇ ಕ್ಲಾಸಿಗೆ ಸೇರಿದಾಗ ನನಗೆ ಹನ್ನೊಂದು ವರ್ಷ, ಎಸ್ಸೆಸ್ಸೆಲ್ಸಿಯಲ್ಲಿ ಇಪ್ಪತ್ತು ದಾಟಿತ್ತು. ಇಡೀ ಕ್ಲಾಸಿನಲ್ಲಿ ಮೀಸೆ ಇದ್ದವನು ನಾನೊಬ್ಬನೇ. ಹೊಸದಾಗಿ ವರ್ಗವಾಗಿ ಬಂದ ವಿಜ್ಞಾನದ ಮೇಷ್ಟ್ರು ಮೊದಲ ದಿನ ನನಗೆ ನಮಸ್ಕಾರ ಮಾಡಿ, ಹೆಡ್ಮಾಸ್ಟರ ರೂಮು ಎಲ್ಲಿ ಸಾರ್ ಎಂದು ಕೇಳಿದ್ದರು. ಆಮೇಲೆ ವರ್ಷವಿಡೀ ಆ ನಮಸ್ಕಾರವನ್ನು ನನ್ನಿಂದ ವಸೂಲಿ ಮಾಡಿದರು.

ಆದರೆ ನಮ್ಮ ಬೀದಿಗೆ ಇಂಗ್ಲಿಷ್ ಅಂದರೆ ನಾನೇ. ಔಷಧಿ ಸೀಸೆ, ಬೆಂಕಿಪೊಟ್ಟಣ, ಛತ್ರಿಯ ಹಿಡಿ, ಯಾವುದರ ಮೇಲೆ ಏನು ಬರೆದಿದ್ದರೂ "ಕರೀರಿ ನಾಣೀನ".

ಆ ಕಾಲಕ್ಕೆ ರೀಲರುಗಳ, ಅಂದರೆ ನಮ್ಮಂಥ ನೂಲು ತೆಗೆಯುವವರ, ಸೊಸೈಟಿಯವರು ಹೊಸ ಷೆಡ್ಡು ಕಟ್ಟಿ ಅದರಲ್ಲಿ ಬೇಸಿನ್ನುಗಳನ್ನು ಕೂರಿಸಿದ್ದರು. ಬೇಸಿನ್ನು ಅಂದರೆ ನೂಲು ತೆಗೆಯುವ ಹೊಸ ಯಂತ್ರ. ನೀರು ಕಾಯುವುದು ಆವಿಯ ಕೊಳವೆಯಿಂದ. ಒಲೆ ಇಲ್ಲ, ಹೊಗೆ ಇಲ್ಲ. ಅತ್ತೆಗೆ ಬೇಕಾಗಿದ್ದದ್ದು ಆ ಹೊಗೆ ಇಲ್ಲದ ಜಾಗ. ಮೂವತ್ತು ವರ್ಷ ಒಲೆಯ ಹೊಗೆ ಕುಡಿದು ಅವಳ ಕಣ್ಣು ಸದಾ ಕೆಂಪು, ಸದಾ ನೀರು. ಚಿಕ್ಕಬಳ್ಳಾಪುರದ ಡಾಕ್ಟರು ರೆಪ್ಪೆ ಎತ್ತಿ ನೋಡಿ, "ಅಮ್ಮ, ಒಲೆ ಬಿಡಿ. ಇಲ್ಲಾಂದ್ರೆ ಕಣ್ಣು ನಿಮ್ಮನ್ನ ಬಿಡತ್ತೆ," ಅಂದಿದ್ದರು. ಅತ್ತೆ ಹೊರಗೆ ಬಂದು, "ಒಲೆ ಬಿಟ್ಟು ಅವರ ಮನೇಲಿ ಊಟ ಮಾಡ್ಲಾ?" ಎಂದು ನನ್ನನ್ನು ಗದರಿದಳು, ಡಾಕ್ಟರನ್ನು ಗದರುವುದಕ್ಕೆ ಧೈರ್ಯ ಸಾಲದೆ.

ಷೆಡ್ಡಿನಲ್ಲಿ ಖಾಲಿ ಉಳಿದದ್ದು ಎರಡೇ ಬೇಸಿನ್ನು. ಅಷ್ಟರಲ್ಲಿ ಬೆಂಗಳೂರಿನ ಒಬ್ಬ ರಫ್ತು ವ್ಯಾಪಾರಿಯಿಂದ ಸುದ್ದಿ ಬಂತು. ಇಟಲಿ ದೇಶದವರು ನಮ್ಮ ಕಡೆಯ ನೂಲಿನ ಮಾದರಿ ಕೇಳಿದ್ದಾರೆ. ಅದುವರೆಗೆ ನಮ್ಮ ನೂಲು ಕಂಡಿದ್ದ ದೂರದೇಶ ಅಂದರೆ ಧರ್ಮಾವರ, ಬಹಳ ಹೆಚ್ಚೆಂದರೆ ಕಂಚಿ. ಸೊಸೈಟಿ ಅಧ್ಯಕ್ಷ ಮುನಿಶಾಮಪ್ಪನವರು ಮೀಸೆ ಸವರಿಕೊಂಡು ತೀರ್ಪು ಕೊಟ್ಟರು: ಊರಿನ ಒಳ್ಳೆಯ ಎರಡು ಕೈಗಳ ನೂಲು ಹೋಗಲಿ, ಅಲ್ಲಿ ಪಾಸಾದವರಿಗೆ ಬೇಸಿನ್ನು.

ಒಳ್ಳೆಯ ಎರಡು ಕೈ ಯಾವುದು ಎಂಬುದರಲ್ಲಿ ಜಗಳವೇ ಇರಲಿಲ್ಲ. ಒಂದು ಅತ್ತೆಯದು. ಇನ್ನೊಂದು ನಮ್ಮ ಎದುರು ಮನೆಯ ಗಫೂರ್ ಸಾಬರದು. ಅವರ ಹಿತ್ತಿಲಿನಲ್ಲಿ ಅವರಪ್ಪ ತೋಡಿಸಿದ ಬಾವಿ. ಅವರು ಗೂಡು ಬೇಯಿಸುತ್ತಿದ್ದದ್ದು ಅದರ ನೀರಿನಲ್ಲಿ. ಅತ್ತೆ ಮಾತ್ರ ಚರಕಕ್ಕೆ ಸೊಸೈಟಿ ತೊಟ್ಟಿಯ ನೀರು ತರಿಸಿ, ಕುಡಿಯುವುದಕ್ಕೆ ಗಫೂರ್ ಸಾಬರ ಬಾವಿಯದು ತರುತ್ತಿದ್ದಳು. ನಮ್ಮ ಬೀದಿಯೆಲ್ಲ ಕುಡಿಯುತ್ತಿದ್ದದ್ದು ಅದನ್ನೇ.

ಇಟಲಿ ಎಲ್ಲಿದೆ ಎಂದು ಅತ್ತೆ ಕೇಳಿದಳು. ಶಾಲೆಯ ಭೂಪಟದ ಪುಸ್ತಕ ತಂದು ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಏಮ್ರಾ ಇದು, ಕಾಲು!"

"ದೇಶದ ಆಕಾರ ಹಾಗಿದೆ ಅತ್ತೆ."

"ಮೈಗೆ ಉಡೋ ರೇಷ್ಮೆ ಕಣೋ, ಕಾಲಿನ ಕಡೆ ಕಳಿಸ್ತೀರಾ? ತಲೆ ಕಡೆ ಯಾವ ದೇಶಾನೂ ಇಲ್ವಾ?"

"ಕಂಪನಿ ಇರೋದು ಮೇಲ್ಗಡೆ ಅತ್ತೆ, ತೊಡೆ ಹತ್ರ," ಅಂದೆ. ಅದು ಇನ್ನೂ ಕೆಟ್ಟದಾಯಿತು. ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಕಟ್ಟುವ ದಿನ ಸೊಸೈಟಿಯ ಕಚೇರಿಯಲ್ಲಿ ಮರದ ಪೆಟ್ಟಿಗೆ, ಎಣ್ಣೆಕಾಗದ, ಹೊಲಿಯುವುದಕ್ಕೆ ಬಿಳಿ ಕೋರಾ ಬಟ್ಟೆ ಎಲ್ಲ ತಯಾರು. ಅತ್ತೆಯ ನೂಲಿನ ಕಟ್ಟು ಕೆಳಗೆ, ಅದಕ್ಕೆ ಎರಡನೇ ನಂಬರಿನ ಚೀಟಿ. ಗಫೂರ್ ಸಾಬರದು ಮೇಲೆ, ಒಂದನೇ ನಂಬರು. ಎರಡೂ ತಿಳಿ ಹಳದಿ, ಆಗಿನ ನಮ್ಮ ಗೂಡಿನ ಬಣ್ಣವೇ ಅದು.

"ನೋಡ್ರಪ್ಪ," ಎಂದು ಮುನಿಶಾಮಪ್ಪನವರು ಬೆರಳೆತ್ತಿದರು. "ಇನ್ಮೇಲೆ ಈ ಪೆಟ್ಟಿಗೆಗೆ ಯಾರೂ ಕೈ ಹಾಕಂಗಿಲ್ಲ. ಹಾಕ್ದೋರಿಗೆ ಬೇಸಿನ್ನೂ ಇಲ್ಲ, ಏನೂ ಇಲ್ಲ. ಪರದೇಶದ ರೂಲ್ಸು." ಪರದೇಶದವರು ಅಂಥ ರೂಲ್ಸು ಬರೆದದ್ದು ನಾನೆಲ್ಲೂ ಓದಲಿಲ್ಲ.

ಮುದ್ರೆ ಒತ್ತುವ ಅರಗು ಮುಗಿದಿತ್ತು. ತರಲು ನಾನು ಪೋಸ್ಟಾಫೀಸಿಗೆ ಓಡಿದೆ. ಗಂಡಸರು ಟೀ ಕುಡಿಯಲು ಎದ್ದರು. ಪೆಟ್ಟಿಗೆಯ ಕಾವಲಿಗೆ ಅತ್ತೆ ಕೂತಳು. ನಾನು ಬಂದಾಗ ಮುಚ್ಚಳ ಮುಚ್ಚಿತ್ತು, ಅತ್ತೆ ಸೆರಗು ಹೊದ್ದು ದೇವಸ್ಥಾನದಲ್ಲಿ ಕೂತ ಹಾಗೆ ಕೂತಿದ್ದಳು. ಹೊಲಿದೆವು, ಅರಗು ಹಾಕಿದೆವು. ನಮ್ಮ ಪುಟ್ಟ ರೈಲಿನಲ್ಲಿ ಪೆಟ್ಟಿಗೆ ಹೊರಟಿತು. ಆ ರೈಲು ತಪ್ಪಿಹೋದರೆ ನಾವು ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಸೈಕಲ್ಲಿನಲ್ಲಿ ಹೋಗಿ ಮುಂದಿನ ಸ್ಟೇಷನ್ನಿನಲ್ಲಿ ಅದಕ್ಕಾಗಿ ಕಾಯುತ್ತಿದ್ದೆವು. ಅಂಥ ರೈಲು ಹತ್ತಿದ ನೂಲು ಸಮುದ್ರ ದಾಟುತ್ತದೆ ಎಂದು ನನಗೆ ನಂಬಿಕೆಯೇ ಇರಲಿಲ್ಲ.

ದಾಟಿತು. ತಿಂಗಳುಗಳಾದ ಮೇಲೆ ಕಾಗದ ಬಂತು. ಸೊಸೈಟಿಯಲ್ಲಿ ಎಲ್ಲರ ಮುಂದೆ, ತೊಡೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು ನಾನು ಓದಿದೆ. ಎರಡನೇ ನಂಬರಿನ ನೂಲು ಚೆನ್ನಾಗಿದೆ. ಒಂದನೇ ನಂಬರಿನದೂ ಸಮವಾಗಿದೆ, ಆದರೆ ಅಂಟು ತೆಗೆಯಲು ಸೋಪಿನ ನೀರಿನಲ್ಲಿ ಕುದಿಸಿದಾಗ ಅಲ್ಲಲ್ಲಿ ಕೆಂಪು ಕಲೆಗಳು ಎದ್ದಿವೆ. ಇದು ನಿಮ್ಮ ನೀರಿನ ದೋಷವೋ, ಹುಳುವಿನ ರೋಗವೋ, ದಯವಿಟ್ಟು ತಿಳಿಸಿ.

ಒಂದನೇ ನಂಬರು ಗಫೂರ್ ಸಾಬರದು. ತಕ್ಷಣ ಎಲ್ಲರೂ ಮಾತಾಡಿದರು.

"ಹುಳ ರಕ್ತ ಕಾರಿರ್ಬೇಕು."

"ಇಟಲಿ ನೀರೇ ಕೆಂಪಿದ್ರೆ?"

"ಅದೆಲ್ಲ ಯಾಕೆ, ಸಾಬ್ರು ಎಲೆ ಅಡಿಕೆ ಹಾಕ್ಕೊಂಡೇ ನೂಲು ತೆಗೀತಾರೆ. ಒಂದೆರಡು ಹನಿ ಹಾರಿರತ್ತೆ ಬಿಡಿ!"

ನಕ್ಕರು. ಗಫೂರ್ ಸಾಬರು ನಗಲಿಲ್ಲ. ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಎಲೆ ಅಡಿಕೆಯ ಚೀಲವನ್ನು ಮುನಿಶಾಮಪ್ಪನವರ ಮೇಜಿನ ಮೇಲೆ ಇಟ್ಟರು. "ಇದು ಇಲ್ಲೇ ಇರ್ಲಿ. ನೀರೇನು ಅಂತ ಗೊತ್ತಾಗೋವರ್ಗೂ ಮುಟ್ಟಲ್ಲ." ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಗುರುವಾರ ಬಂದು ಬಾವಿಯ ನೀರು ನೋಡುವುದು, ಅತ್ತೆಗೆ ಒಂದು ಬೇಸಿನ್ನು ಖಾತ್ರಿ, ಅಲ್ಲಿಯವರೆಗೆ ಗಫೂರ್ ಸಾಬರದು ತಡೆ ಎಂದು ತೀರ್ಮಾನವಾಯಿತು. ಮನೆಗೆ ಹೋದ ಗಫೂರ್ ಸಾಬರು ಬಾವಿಯ ಮೇಲೆ ಹಲಗೆ ಎಳೆದು ಮುಚ್ಚಿದರು. "ಮಾತು ಬಂದ್ಮೇಲೆ ಯಾರೂ ಕುಡಿಯೋದ್ ಬೇಡ."

ನಾನು ಮಾತ್ರ ಕುಣಿಯುತ್ತಾ ಅತ್ತೆಯ ಹತ್ತಿರ ಹೋದೆ. "ಅತ್ತೆ, ಪಾಸು! ಬೇಸಿನ್ನು ನಿಂದೇ!"

ಹೊಗೆಯ ನಡುವೆ ಅವಳ ಮುಖ ಅರಳಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಗಫೂರಣ್ಣಂದು?"

"ಫೇಲು. ಸೋಪಲ್ಲಿ ಕುದಿಸಿದ್ರೆ ಕೆಂಪು ಕಲೆ ಎದ್ವಂತೆ."

ಅತ್ತೆಯ ಕೈ ಬಿಸಿನೀರಿನಲ್ಲಿತ್ತು. ಅದನ್ನು ತೆಗೆಯುವುದನ್ನೇ ಮರೆತಳು. ಮಾವ ಚರಕ ನಿಲ್ಲಿಸಿ, "ಕೈ, ಕೈ!" ಎಂದು ಕೂಗಿದ ಮೇಲೆ ತೆಗೆದಳು.

"ನಾಣಿ, ಅರಿಶಿನಕ್ಕೆ ಸೋಪು ಬಿದ್ರೆ ಏನಾಗತ್ತೋ?"

ನೋಡಿ, ನನ್ನ ವಿದ್ಯೆಯ ಗತಿ. ಅದೇ ವಾರ ಪರೀಕ್ಷೆಗೆಂದು 'ಅರಿಶಿನದ ಕಾಗದವು ಕ್ಷಾರದಲ್ಲಿ ಕೆಂಪಾಗುತ್ತದೆ' ಎಂದು ಹತ್ತು ಸಲ ಬಾಯಿಪಾಠ ಮಾಡಿದ್ದೆ. ಆ ವಾಕ್ಯ ತಲೆಯಲ್ಲಿ ಒಂದು ಕಡೆ, ಇಟಲಿಯ ಕಾಗದ ಇನ್ನೊಂದು ಕಡೆ. ನಡುವೆ ದಾರಿಯೇ ಇರಲಿಲ್ಲ. ನಮ್ಮ ಬೀದಿಯಲ್ಲಿ ಆರತಿಗೆ ಅರಿಶಿನ ಸುಣ್ಣದ ಓಕುಳಿ ಕಲಸಿದ ಯಾವ ಹೆಂಗಸನ್ನು ಕೇಳಿದ್ದರೂ ಹೇಳಿಬಿಡುತ್ತಿದ್ದಳು. ಯಾರೂ ಕೇಳಲಿಲ್ಲ, ಅಷ್ಟೇ.

"ನೀನು ಅರಗು ತರೋಕೆ ಹೋದಾಗ," ಅಂದಳು ಅತ್ತೆ, "ಒಂದು ಚಿಟಿಕೆ ಅರಿಶಿನ ಉದುರಿಸ್ದೆ ಕಣೋ. ಹೆಣ್ಣುಮಗು ದೂರದೂರಿಗೆ ಹೊರಟ ಹಾಗೆ ಹೊರಟಿತ್ತು. ಬರಿಗೈಯಲ್ಲಿ ಹೆಂಗೆ ಕಳಿಸೋದು? ಕುಂಕುಮ ಆದ್ರೆ ಕಾಣತ್ತೆ, ಹಳದಿ ನೂಲಲ್ಲಿ ಅರಿಶಿನ ಯಾರಿಗೆ ಕಾಣತ್ತೆ ಅಂದ್ಕೊಂಡೆ." ಮೇಲಿದ್ದದ್ದು ಗಫೂರ್ ಸಾಬರ ಕಟ್ಟು. ಆಶೀರ್ವಾದವೆಲ್ಲ ಅದರ ಮೇಲೇ ಬಿದ್ದಿತ್ತು.

ಮಾವ ತಲೆ ತಗ್ಗಿಸಿ ಮತ್ತೆ ಚರಕ ತಿರುಗಿಸಿದರು. "ಸುಮ್ನಿರೇ. ಕೈ ಹಾಕ್ದೋರಿಗೆ ಬೇಸಿನ್ನಿಲ್ಲ ಅಂದವ್ರೆ. ನಿನ್ ಕಣ್ಣು ನೋಡ್ಕೋ. ಅವನ ಹಣೇಲಿ ಹಂಗೆ ಬರ್ದಿತ್ತು."

"ಅವನ ಹಣೇಲಲ್ಲ, ನನ್ ಕೈಯಲ್ಲಿತ್ತು," ಅಂದಳು ಅತ್ತೆ. ಅಷ್ಟು ಹೇಳಿ, ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು. ಬೀದಿಯ ಹೆಂಗಸರು ಕೊಡ ಹೊತ್ತು ದೂರದ ನಲ್ಲಿಗೆ ಹೋಗುತ್ತಿದ್ದರು. ಅತ್ತೆ ಹೋಗುವಾಗ ಮುಚ್ಚಿದ ಬಾವಿಯನ್ನು ನೋಡದೆ ಹೋಗುತ್ತಿದ್ದಳು, ಬರುವಾಗಲೂ ನೋಡದೆ ಬರುತ್ತಿದ್ದಳು. ಎಲೆ ಅಡಿಕೆ ಇಲ್ಲದ ಗಫೂರ್ ಸಾಬರ ಬಾಯಿ ಸುಮ್ಮಸುಮ್ಮನೆ ಆಡುತ್ತಿತ್ತು. ಎದುರು ಮನೆಯಿಂದ ಅದನ್ನು ನೋಡುವುದೇ ಒಂದು ಶಿಕ್ಷೆ. ಅತ್ತೆ ಒಲೆಗೆ ಸೌದೆ ಒಡ್ಡಿ, ಬೇಕೆಂದೇ ಹೊಗೆಗೆ ಮುಖ ಕೊಟ್ಟು ಕೂತ ಹಾಗೆ ನನಗೆ ಕಾಣುತ್ತಿತ್ತು.

ಗುರುವಾರ ಇನ್ಸ್‌ಪೆಕ್ಟರು ಗಾಜಿನ ಕೊಳವೆಗಳ ಚೀಲ ಹಿಡಿದು ಬಂದರು. ಸೊಸೈಟಿಯವರೆಲ್ಲ ಬಾವಿಯ ಸುತ್ತ ಸೇರಿದ್ದರು. ಹಲಗೆ ಸರಿಸಬೇಕು, ಅಷ್ಟರಲ್ಲಿ ಅತ್ತೆ ತಟ್ಟೆ ಹಿಡಿದುಕೊಂಡು ಬಂದಳು. ತಟ್ಟೆಯಲ್ಲಿ ನೀರು, ಒಂದು ಚೂರು ಬಟ್ಟೆ ಸೋಪು, ಸೆರಗಿನ ಗಂಟಿನಲ್ಲಿ ಅರಿಶಿನ.

"ಸ್ವಾಮಿ, ನಿಮ್ಮ ಕರ್ಚೀಫು ಕೊಡಿ."

ಇನ್ಸ್‌ಪೆಕ್ಟರು ಗಾಬರಿಯಲ್ಲಿ ಕೊಟ್ಟುಬಿಟ್ಟರು. ಬೆಳ್ಳಗಿನ ಕರ್ಚೀಫು. ಅತ್ತೆ ಅದರ ಮೇಲೆ ಅರಿಶಿನ ತಿಕ್ಕಿದಳು, ಸೋಪಿನ ನೀರಿಗೆ ಅದ್ದಿ ಎತ್ತಿ ಹಿಡಿದಳು. ಕೆಂಪು.

"ನೀರೂ ಅಲ್ಲ, ಹುಳವೂ ಅಲ್ಲ. ಪೆಟ್ಟಿಗೆಗೆ ಅರಿಶಿನ ಹಾಕ್ದೋಳು ನಾನು. ಬೇಸಿನ್ನು ಕೊಡ್ಬೇಡಿ, ಹಲಗೆ ಮಾತ್ರ ತೆಗೀರಿ."

ಮುನಿಶಾಮಪ್ಪನವರು ರೂಲ್ಸಿನ ಬೆರಳನ್ನು ಅರ್ಧ ಎತ್ತಿ ಅಲ್ಲೇ ನಿಲ್ಲಿಸಿದರು. ಗಫೂರ್ ಸಾಬರು ಕರ್ಚೀಫನ್ನೇ ನೋಡುತ್ತಿದ್ದರು.

"ಲಕ್ಷ್ಮಮ್ಮ, ನನ್ ನೂಲಿಗೂ ಅರಿಶಿನ ಇಟ್ಯಾ?"

"ಒಂದೇ ಪೆಟ್ಟಿಗೇಲಿ ಎರಡು ಹೆಣ್ಣು ಹೊರಟ್ರೆ ಒಂದಕ್ಕಿಟ್ಟು ಒಂದಕ್ಕೆ ಬಿಡೋಕಾಗತ್ತಾ ಗಫೂರಣ್ಣ?"

"ಅರೆ, ಇಟ್ಟಿದ್ದು ನನ್ನದಕ್ಕೇ, ಬಿಟ್ಟಿದ್ದು ನಿನ್ನದಕ್ಕೆ!" ಎಂದು ಗಫೂರ್ ಸಾಬರು ನಕ್ಕರು. ಮೂರು ದಿನದ ನಗು ಒಟ್ಟಿಗೆ ಬಂದ ಹಾಗೆ ನಕ್ಕು, ಮುನಿಶಾಮಪ್ಪನವರ ಕಡೆ ತಿರುಗಿದರು. "ಆಯಮ್ಮನ ಹೆಸರು ಹೊಡೆದ್ರೆ ನಂದೂ ಹೊಡೀರಿ. ಮೊದ್ಲು ನನ್ ಚೀಲ ಕೊಡಿ."

ಕೊನೆಗೆ ಇನ್ಸ್‌ಪೆಕ್ಟರೇ ದಾರಿ ಹೇಳಿದರು. ಇಬ್ಬರದೂ ಹೊಸ ಮಾದರಿ ಹೋಗಲಿ, ಬರುವ ಉತ್ತರದ ಮೇಲೆ ಬೇಸಿನ್ನು. ಒಂದೇ ಷರತ್ತು, ಕಟ್ಟುವಾಗ ಈಯಮ್ಮ ಪೆಟ್ಟಿಗೆಯಿಂದ ಹತ್ತು ಅಡಿ ದೂರ. ಅತ್ತೆ ಒಪ್ಪಿದಳು. ಕಲಸಿದ ಓಕುಳಿ ಸುಮ್ಮನೆ ಚೆಲ್ಲಬಾರದೆಂದು ಅದನ್ನು ಒಮ್ಮೆ ಬಾವಿಗೆ, ಒಮ್ಮೆ ಇನ್ಸ್‌ಪೆಕ್ಟರಿಗೆ ನಿವಾಳಿಸಿ ಬೀದಿಗೆ ಹಾಕಿದಳು. ಅವರ ಕರ್ಚೀಫು ಆಮೇಲೆ ಎಂದೂ ಬೆಳ್ಳಗಾಗಲಿಲ್ಲವಂತೆ.

ಇಟಲಿಗೆ ವಿವರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಗಳನ್ನು ಅರಿಶಿನವಿಟ್ಟು ಕಳಿಸುವುದಕ್ಕೆ ನನ್ನ ಡಿಕ್ಷನರಿಯಲ್ಲಿ ಮಾತಿರಲಿಲ್ಲ. ಎರಡು ದಿನ ಒದ್ದಾಡಿ ನಾನು ಇಂಗ್ಲಿಷಿನಲ್ಲಿ ಬರೆದ ಮೊದಲ ಸಾಲಿನ ಅರ್ಥ ಇಷ್ಟು: 'ಮಾನ್ಯರೇ, ಅದು ರೋಗವಲ್ಲ, ನಮ್ಮ ಅತ್ತೆ.' ಓದಿ ನೋಡಿದ ವಿಜ್ಞಾನದ ಮೇಷ್ಟ್ರು ವ್ಯಾಕರಣ ಸರಿಯಾಗಿದೆ ಅಂದರು. ಹಾಗಾಗಿ ಅದೇ ಹೋಯಿತು.

ಎರಡನೇ ಸಲ ಕಟ್ಟುವಾಗ ಗಫೂರ್ ಸಾಬರೇ ಪೆಟ್ಟಿಗೆ ತುಂಬಿದರು. ಅತ್ತೆ ಬಾಗಿಲ ಆಚೆ, ಹತ್ತು ಅಡಿ ದೂರದಲ್ಲಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಮೇಷ್ಟ್ರ ಮುಂದೆ ನಿಂತ ಹುಡುಗಿಯ ಹಾಗೆ. ಎಣ್ಣೆಕಾಗದ ಮಡಿಸಿ ಮುಚ್ಚಳ ಎತ್ತಿಕೊಂಡ ಗಫೂರ್ ಸಾಬರು ಯಾಕೋ ತಡೆದರು. ಹೊರಗೆ ನೋಡಿದರು.

"ಲಕ್ಷ್ಮಮ್ಮ, ಅಕ್ಕಿಗೆ ಬಣ್ಣ ಇಲ್ಲ ಅಲ್ವಾ?"

ಅತ್ತೆ ಬೆನ್ನ ಹಿಂದಿನ ಕೈ ಮುಂದಕ್ಕೆ ತಂದು ಮುಷ್ಟಿ ಬಿಚ್ಚಿದಳು. ನಾಲ್ಕು ಕಾಳು ಅಕ್ಕಿ, ಬೆವರಿಗೆ ಅಂಟಿಕೊಂಡಿದ್ದವು. ಗಫೂರ್ ಸಾಬರು ಎದ್ದು ಹೋಗಿ ಅದರಲ್ಲಿ ಒಂದು ಕಾಳು ತೆಗೆದು, ತಮ್ಮ ಅಂಗಿಗೆ ಒರೆಸಿ ಒಣಗಿಸಿ, ತಂದು ಪೆಟ್ಟಿಗೆಯ ಮೂಲೆಯಲ್ಲಿಟ್ಟು ಮುಚ್ಚಳ ಹಾಕಿದರು. ಮುನಿಶಾಮಪ್ಪನವರು ಅಷ್ಟು ಹೊತ್ತೂ ಬಹಳ ಶ್ರದ್ಧೆಯಿಂದ ಮೀಸೆ ಸವರಿಕೊಳ್ಳುತ್ತಾ ಕಿಟಕಿಯ ಆಚೆ ನೋಡುತ್ತಿದ್ದರು. ನಾನು ಅರಗು ಕಾಯಿಸುತ್ತಿದ್ದೆ.

ಇಟಲಿಯಿಂದ ಎರಡನೇ ಕಾಗದ ಬಂತು, ಎರಡೂ ನಂಬರು ಪಾಸಾಗಿದ್ದವು. ಷೆಡ್ಡಿನಲ್ಲಿ ಅಕ್ಕಪಕ್ಕದ ಬೇಸಿನ್ನಿನಲ್ಲಿ ಅತ್ತೆಯೂ ಗಫೂರ್ ಸಾಬರೂ ಎಷ್ಟೋ ವರ್ಷ ಕೂತರು. ಒಬ್ಬರ ಎಳೆ ಇನ್ನೊಬ್ಬರಿಗೆ ದಪ್ಪ ಕಾಣುವುದು, ಅದಕ್ಕೆ ದಿನಾ ವಾದ. ಅತ್ತೆಯ ಕಣ್ಣಿನ ಕೆಂಪು ಪೂರಾ ಹೋಗಲಿಲ್ಲ, ನೀರು ಮಾತ್ರ ನಿಂತಿತು. ಕೊನೆಯವರೆಗೂ ಸೂಜಿಗೆ ದಾರ ಅವಳೇ ಪೋಣಿಸುತ್ತಿದ್ದಳು.

ಆ ಎರಡನೇ ಕಾಗದದ ಕೆಳಗೆ, ಟೈಪಾದ ಸಾಲುಗಳ ಆಚೆ, ಯಾರೋ ಪೆನ್ನಿನಲ್ಲಿ ಒಂದು ಸಾಲು ಬರೆದಿದ್ದರು: ನಿಮ್ಮ ಅತ್ತೆಗೆ ನಮ್ಮ ನಮಸ್ಕಾರ. ಅದನ್ನು ಅತ್ತೆಗೆ ಮೂರು ಸಲ ಓದಿ ಹೇಳಿದೆ.

"ಅಕ್ಕಿ ಸಿಕ್ತಂತಾ?" ಅಂದಳು.

"ಅದೇನೂ ಬರೆದಿಲ್ಲ ಅತ್ತೆ."

"ಬರೀತಾರೇನೋ ಅದನ್ನೆಲ್ಲ! ಸಿಕ್ಕಿರತ್ತೆ. ಅಲ್ಲಿ ಯಾವಳೋ ಎತ್ತಿಟ್ಕೊಂಡಿರ್ತಾಳೆ. ನೋಡ್ತಿರು, ಅವರೂ ಯಾವಾಗಾದ್ರೂ ಏನಾದ್ರೂ ಕಳಿಸಿದ್ರೆ ಮೂಲೆ ನೋಡು."

ಅದಕ್ಕೇ ನೋಡುತ್ತೇನೆ. ಈಗ ಎಲ್ಲೆಲ್ಲಿಂದಲೋ ಸಾಮಾನು ಮನೆ ಬಾಗಿಲಿಗೆ ಬರುತ್ತದೆ, ನಾನು ಭೂಪಟದಲ್ಲೂ ಹುಡುಕಲಾರದ ಊರುಗಳಿಂದ. ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಥರ್ಮಕೋಲಿನ ಚೂರು, ಒಂದು ಸತ್ತ ಇರುವೆ, ಮೊನ್ನೆಯ ಮಿಕ್ಸಿ ಡಬ್ಬದಲ್ಲಿ ಒಂದು ಉದ್ದ ಕೂದಲು. ಆ ಕೂದಲನ್ನು ಎಸೆಯಲು ಯಾಕೋ ಮನಸ್ಸು ಬರಲಿಲ್ಲ. ಆ ಡಬ್ಬ ಕಟ್ಟಿದವಳೂ ಯಾರದೋ ಅತ್ತೆ ಇರಬೇಕು.

ನಿಮ್ಮ ಮನೆಯವರೂ ಪಾರ್ಸೆಲ್ಲಿಗೆ ಹೀಗೆ ಕದ್ದು ಏನಾದರೂ ಇಟ್ಟು ಕಳಿಸಿದ್ದುಂಟೇ? ಅಥವಾ ನಿಮಗೆ ಯಾವುದಾದರೂ ಡಬ್ಬದ ಮೂಲೆಯಲ್ಲಿ ಸಿಕ್ಕಿದ್ದುಂಟೇ? ಇದ್ದರೆ ಬರೆದು ತಿಳಿಸಿ. ನಿಧಾನವಾಗಿಯೇ ಆದರೂ ಓದುತ್ತೇನೆ. ಅಕ್ಕಿಕಾಳೇ ಸಿಕ್ಕಿದ್ದರೆ ಮಾತ್ರ ದಯವಿಟ್ಟು ಮೊದಲು ಬರೆಯಿರಿ.